ಗ್ಯಾಸ್ ಮುಗಿಯುವುದಿಲ್ಲ, ಸೋರುತ್ತದೆ

ಮಾರ್ಚ್ ತಿಂಗಳು ಕಾಲಿಡುತ್ತಿದ್ದಂತೆ ಮಂಜೇಶ್ವರದಿಂದ ಹೊಸದುರ್ಗದವರೆಗಿನ ಕಡಲಂಚಿನ ಊರುಗಳಲ್ಲಿ ಸೆಕೆಯ ಮಾತಿನ ಜೊತೆಗೆ ಇನ್ನೊಂದು ಮಾತೂ ಕೇಳಿಬರತೊಡಗುತ್ತದೆ: ಹೋದ ವರ್ಷ ಚೆನ್ನಾಗಿದ್ದ ಎ.ಸಿ. ಈ ವರ್ಷ ತಂಪಾಗುತ್ತಿಲ್ಲ. ಫೋನು ಮಾಡಿ ಎರಡು ದಿನ ಕಾದ ಮೇಲೆ ಮೆಕ್ಯಾನಿಕ್ ಬರುತ್ತಾರೆ. ಹೊರಗಿನ ಪೆಟ್ಟಿಗೆಯ ಬದಿಯ ಮುಚ್ಚಳ ಬಿಚ್ಚಿ, ಗೇಜಿನ ಕೊಳವೆ ಸಿಕ್ಕಿಸಿ, ಮುಳ್ಳು ಎಲ್ಲಿ ನಿಂತಿದೆಯೆಂದು ನೋಡಿ, ‘ಗ್ಯಾಸ್ ಮುಗಿದಿದೆ ಅಕ್ಕ, ತುಂಬಿಸಬೇಕು’ ಎನ್ನುತ್ತಾರೆ. ಅರ್ಧ ಗಂಟೆಯಲ್ಲಿ ಕೋಣೆ ತಂಪಾಗುತ್ತದೆ. ಹಣ ಎಣಿಸಿ ಕೊಟ್ಟದ್ದಾಗುತ್ತದೆ. ಮುಂದಿನ ಮಾರ್ಚಿನಲ್ಲಿ ಅದೇ ಫೋನು, ಅದೇ ಗೇಜು, ಅದೇ ಮಾತು.

ಈ ಸಂಭಾಷಣೆಯಲ್ಲಿ ತಪ್ಪಿರುವುದು ಒಂದೇ ಒಂದು ಪದ. ಎ.ಸಿ.ಯೊಳಗಿನ ಗ್ಯಾಸ್ ಮುಗಿಯುವ ವಸ್ತುವಲ್ಲ. ಅಡುಗೆಮನೆಯ ಸಿಲಿಂಡರಿನಲ್ಲಿರುವ ಗ್ಯಾಸ್ ಉರಿದು ಮುಗಿಯುತ್ತದೆ. ಸ್ಕೂಟರಿನ ಪೆಟ್ರೋಲ್ ಉರಿದು ಮುಗಿಯುತ್ತದೆ. ಎ.ಸಿ.ಯೊಳಗೆ ಏನೂ ಉರಿಯುವುದಿಲ್ಲ. ಅಲ್ಲಿರುವುದು ಮುಚ್ಚಿದ ತಾಮ್ರದ ಕೊಳವೆಯಲ್ಲಿ ಸುತ್ತುತ್ತಲೇ ಇರುವ ಒಂದು ಶೀತಕ. ಕೋಣೆಯೊಳಗಿನ ಸುರುಳಿಯಲ್ಲಿ ಅದು ದ್ರವದಿಂದ ಆವಿಯಾಗುತ್ತಾ ಕೋಣೆಯ ಶಾಖವನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡಿ ಹೊರಗಿನ ಸುರುಳಿಗೆ ದೂಡುತ್ತದೆ. ಅಲ್ಲಿ ಫ್ಯಾನಿನ ಗಾಳಿಗೆ ಶಾಖವನ್ನು ಒಪ್ಪಿಸಿ ಅದು ಮತ್ತೆ ದ್ರವವಾಗುತ್ತದೆ. ಕಿರಿದಾದ ಒಂದು ದಾರಿಯಲ್ಲಿ ನುಸುಳಿ ಒತ್ತಡ ಕಳೆದುಕೊಂಡು, ತಣ್ಣಗಾಗಿ ಒಳಗಿನ ಸುರುಳಿಗೆ ಮರಳುತ್ತದೆ. ಹತ್ತು ವರ್ಷ ಸುತ್ತಿದರೂ ಒಂದು ಗ್ರಾಮು ಕರಗಬೇಕಾಗಿಲ್ಲ. ಕಡಿಮೆಯಾಗಿದೆ ಎಂದಾದರೆ ಅದು ಎಲ್ಲಿಂದಲೋ ಹೊರಗೆ ಹೋಗಿದೆ ಎಂದೇ ಅರ್ಥ. ಹೋದ ದಾರಿ ಇನ್ನೂ ತೆರೆದೇ ಇದೆ.

ನಂಬಿಕೆಯಾಗದವರು ತಮ್ಮ ಅಡುಗೆಮನೆಯ ಫ್ರಿಜ್ಜನ್ನು ನೋಡಬಹುದು. ಅದರೊಳಗೂ ಇದೇ ಬಗೆಯ ಚಕ್ರವಿದೆ. ಇಂದಿನ ಬಹುಪಾಲು ಮನೆಬಳಕೆಯ ಫ್ರಿಜ್ಜುಗಳಲ್ಲಿರುವ ಶೀತಕ ನೂರು ಗ್ರಾಮಿಗಿಂತಲೂ ಕಡಿಮೆ. ವರ್ಷದ ಎಲ್ಲ ದಿನ, ಹಗಲಿರುಳೆನ್ನದೆ ದುಡಿಯುವ ಆ ಯಂತ್ರಕ್ಕೆ ಪ್ರತಿ ಬೇಸಿಗೆ ಗ್ಯಾಸ್ ತುಂಬಿಸುವವರು ಯಾರೂ ಇಲ್ಲ. ಹದಿನೈದು ವರ್ಷ ಅದೇ ಗ್ಯಾಸಿನಲ್ಲಿ ನಡೆದ ಫ್ರಿಜ್ಜುಗಳು ಊರಿನಲ್ಲಿ ಎಷ್ಟೋ ಇವೆ.

ಹಾಗಾದರೆ ಎ.ಸಿ.ಗೆ ಮಾತ್ರ ಈ ಕಾಯಿಲೆ ಏಕೆ? ಫ್ರಿಜ್ಜಿನ ಎಲ್ಲ ಸಂದುಗಳನ್ನೂ ಕಾರ್ಖಾನೆಯಲ್ಲೇ ಬೆಸೆದು, ಪರೀಕ್ಷಿಸಿ, ಮುಚ್ಚಿ ಕಳುಹಿಸುತ್ತಾರೆ. ಸ್ಪ್ಲಿಟ್ ಎ.ಸಿ. ಹಾಗಲ್ಲ, ಅದರ ಅರ್ಧ ಭಾಗ ಗೋಡೆಯ ಒಳಗೆ, ಅರ್ಧ ಭಾಗ ಹೊರಗೆ. ನಡುವಿನ ಎರಡು ತಾಮ್ರದ ಕೊಳವೆಗಳನ್ನು ಜೋಡಿಸುವುದು ನಮ್ಮ ಮನೆಯ ಗೋಡೆಯ ಮೇಲೆ, ಏಣಿಯ ತುದಿಯಲ್ಲಿ ನಿಂತ ಮನುಷ್ಯ. ಒಳಗೆ ಎರಡು, ಹೊರಗೆ ಎರಡು, ಹೀಗೆ ನಾಲ್ಕು ಫ್ಲೇರ್ ಸಂದುಗಳು: ಕೊಳವೆಯ ಬಾಯಿಯನ್ನು ಆಲಿಕೆಯಂತೆ ಅಗಲಿಸಿ, ಹಿತ್ತಾಳೆಯ ನಟ್ಟಿನಿಂದ ಬಿಗಿದವುಗಳು. ಅಲ್ಲಿ ಬೆಸುಗೆಯಿಲ್ಲ, ರಬ್ಬರೂ ಇಲ್ಲ. ಲೋಹದ ಮೇಲೆ ಲೋಹ ಕೂತಿರುವುದಷ್ಟೇ ಭದ್ರತೆ. ಎ.ಸಿ.ಯ ಆಯುಷ್ಯದ ಬಹುಭಾಗ ಅದನ್ನು ಗೋಡೆಗೆ ಕೂರಿಸಿದ ದಿನದ ಆ ಒಂದೆರಡು ಗಂಟೆಗಳಲ್ಲಿ ನಿರ್ಧಾರವಾಗುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಉಪ್ಪುಗಾಳಿ ಮತ್ತು ತಾಮ್ರದ ಹುತ್ತ

ಕಡಲ ಬದಿಯವರಿಗೆ ಉಪ್ಪುಗಾಳಿಯ ಗುಣವನ್ನು ಹೇಳಿಕೊಡಬೇಕಾಗಿಲ್ಲ. ಕಿಟಕಿಯ ಸರಳು, ಗೇಟಿನ ಬಿಜಾಗರಿ, ಸೈಕಲ್ಲಿನ ಚೈನು ಇವೆಲ್ಲ ಒಳನಾಡಿನಲ್ಲಿ ಬಾಳಿದಷ್ಟು ಕಾಲ ಇಲ್ಲಿ ಬಾಳುವುದಿಲ್ಲ. ಎ.ಸಿ.ಯ ಹೊರಗಿನ ಪೆಟ್ಟಿಗೆಯೂ ಆ ಗಾಳಿಯನ್ನೇ ಉಸಿರಾಡುತ್ತದೆ. ಬರಿದೆ ಮೈಯೊಡ್ಡಿ ಕೂತಿರುವುದಿಲ್ಲ, ಫ್ಯಾನು ಹಾಕಿ ಒಳಗೆ ಎಳೆದುಕೊಳ್ಳುತ್ತದೆ. ತಾಮ್ರದ ಕೊಳವೆ ಮತ್ತು ಅದಕ್ಕೆ ಪೋಣಿಸಿದ ಅಲ್ಯೂಮಿನಿಯಂ ರೆಕ್ಕೆಗಳು ಎರಡು ಬೇರೆ ಲೋಹಗಳು. ಅವುಗಳ ನಡುವೆ ಉಪ್ಪುನೀರು ನಿಂತರೆ ಅದೊಂದು ಪುಟ್ಟ ಬ್ಯಾಟರಿಯಾಗುತ್ತದೆ, ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ರೆಕ್ಕೆ ಉದುರಿದ ಜಾಗದಲ್ಲಿ ಶಾಖ ಹೊರಹೋಗುವುದು ಕುಂಠಿತವಾಗುತ್ತದೆ. ಮುಂದೆ ಕೊಳವೆಯ ಬಾಗುಗಳಲ್ಲಿ, ಬೆಸುಗೆಯ ಅಂಚುಗಳಲ್ಲಿ ತಾಮ್ರವೂ ಹಸಿರುಗಟ್ಟಿ ತೂತು ಬೀಳುತ್ತದೆ.

ಒಳಗಿನ ಸುರುಳಿಯ ಶತ್ರು ಬೇರೆಯೇ. ತೇವ, ಗಾಳಿ ಮತ್ತು ಅತ್ಯಲ್ಪ ಪ್ರಮಾಣದ ಸಾವಯವ ಆಮ್ಲ, ಈ ಮೂರು ಸೇರಿದರೆ ತಾಮ್ರದೊಳಗೆ ಕಣ್ಣಿಗೆ ಕಾಣದ ಸುರಂಗಗಳು ಕೊರೆಯಲ್ಪಡುತ್ತವೆ. ಆಮ್ಲ ಎಲ್ಲಿಂದ ಬರುತ್ತದೆ ಎಂದರೆ ಹೊಸ ಪ್ಲೈವುಡ್ಡಿನ ಕಪಾಟಿನಿಂದ, ಬಣ್ಣದಿಂದ, ನೆಲ ಒರೆಸುವ ದ್ರಾವಣದಿಂದ, ಅಡುಗೆಯ ವಿನೆಗರಿನಿಂದ. ಲೋಹಶಾಸ್ತ್ರಜ್ಞರು ಇದಕ್ಕೆ ಇರುವೆಗೂಡಿನ ಹೆಸರಿಟ್ಟಿದ್ದಾರೆ. ಕೊಳವೆಯನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹುತ್ತದ ಒಳಗಿನ ಕವಲುದಾರಿಗಳ ಹಾಗೆಯೇ ಕಾಣುತ್ತದೆ. ಹೊರಗಿನಿಂದ ನೋಡಿದರೆ ಒಂದು ಕಪ್ಪು ಚುಕ್ಕೆ, ಕೆಲವೊಮ್ಮೆ ಅದೂ ಇಲ್ಲ. ಹೊಸ ಮನೆ ಕಟ್ಟಿಸಿ, ಹೊಸ ಪೀಠೋಪಕರಣ ಮಾಡಿಸಿ, ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿ ಎ.ಸಿ. ಹಾಕಿಸಿದ ಕೋಣೆಯಲ್ಲೇ ಎರಡು ಮೂರು ವರ್ಷಕ್ಕೆ ಸುರುಳಿ ಸೋರತೊಡಗುವ ವಿಚಿತ್ರಕ್ಕೆ ಇದೊಂದು ಕಾರಣ.

ಇವೆರಡಕ್ಕಿಂತ ಸಾಮಾನ್ಯವಾದವು ಇನ್ನೂ ಸರಳ ಕಾರಣಗಳು. ನಡುಗುವ ಪೆಟ್ಟಿಗೆಯೊಳಗೆ ಒಂದು ಕೊಳವೆ ಇನ್ನೊಂದಕ್ಕೆ ಉಜ್ಜಿ ಸವೆಯುವುದು. ಗೇಜು ಸಿಕ್ಕಿಸುವ ಬಾಯಿಯಲ್ಲಿ, ಸೈಕಲ್ ಟ್ಯೂಬಿನಲ್ಲಿರುವಂಥ ಒಂದು ಸಣ್ಣ ವಾಲ್ವು ಇದೆ. ಅದರ ರಬ್ಬರು ಗಟ್ಟಿಯಾಗಿ ಸೋರುವುದು, ಕೆಲಸ ಮುಗಿದ ಮೇಲೆ ಅದರ ಹಿತ್ತಾಳೆ ಮುಚ್ಚಳವನ್ನು ಮರಳಿ ಹಾಕದೆ ಹೋಗುವುದು. ಪ್ರತಿವರ್ಷ ಗ್ಯಾಸ್ ತುಂಬಿಸುವ ಕ್ರಿಯೆಯೇ ಆ ವಾಲ್ವನ್ನು ಸವೆಸಿ ಹೊಸ ಸೋರಿಕೆಗೆ ದಾರಿಯಾಗುವುದೂ ಉಂಟು.

ಮುಳ್ಳು ಹೇಳುವುದೆಷ್ಟು?

ತಂಪು ಕಡಿಮೆಯಾದ ಕೂಡಲೇ ಗ್ಯಾಸಿನ ಮೇಲೆ ಗೂಬೆ ಕೂರಿಸುವುದೂ ಸರಿಯಲ್ಲ. ಧೂಳು ತುಂಬಿದ ಫಿಲ್ಟರು, ಕೊಳೆ ಕಟ್ಟಿದ ಹೊರಗಿನ ಸುರುಳಿ, ದುರ್ಬಲವಾದ ಕೆಪಾಸಿಟರು, ನಿಧಾನವಾದ ಫ್ಯಾನು ಇವೆಲ್ಲವೂ ಅದೇ ಲಕ್ಷಣ ತೋರಿಸಬಲ್ಲವು. ಗ್ಯಾಸ್ ಕಡಿಮೆಯಾದಾಗ ಒಳಗಿನ ಒತ್ತಡ ಇಳಿದು, ಶೀತಕದ ಉಷ್ಣತೆ ಸೊನ್ನೆಗಿಂತ ಕೆಳಗೆ ಹೋಗಿ ಕೊಳವೆಯ ಮೇಲೆ ಮಂಜುಗಡ್ಡೆ ಕಟ್ಟುತ್ತದೆ ಎಂಬುದು ನಿಜ. ಆದರೆ ಫಿಲ್ಟರ್ ಮುಚ್ಚಿಹೋಗಿ ಗಾಳಿ ಹರಿಯದಿದ್ದಾಗಲೂ ಮಂಜುಗಡ್ಡೆ ಕಟ್ಟುತ್ತದೆ. ಆದ್ದರಿಂದ ಬಲ್ಲ ಮೆಕ್ಯಾನಿಕ್ ಮೊದಲು ಫಿಲ್ಟರ್ ತೊಳೆದು, ಹೊರಗಿನ ಸುರುಳಿಗೆ ನೀರು ಹೊಡೆದು, ಎರಡೂ ಫ್ಯಾನು ನೋಡಿ, ಆಮೇಲೆ ಗೇಜಿಗೆ ಕೈ ಹಾಕುತ್ತಾರೆ.

ಗೇಜಿನ ಮುಳ್ಳು ಕೂಡ ಪೂರ್ಣ ಸತ್ಯ ಹೇಳುವುದಿಲ್ಲ. ಇದನ್ನು ಅಡುಗೆ ಸಿಲಿಂಡರಿನ ಉದಾಹರಣೆಯಿಂದ ತಿಳಿಯಬಹುದು. ಸಿಲಿಂಡರಿನಲ್ಲಿ ಹತ್ತು ಕಿಲೋ ದ್ರವವಿದ್ದರೂ ಒಂದು ಕಿಲೋ ಇದ್ದರೂ ಒಲೆಯ ಜ್ವಾಲೆ ಹೆಚ್ಚುಕಡಿಮೆ ಒಂದೇ ಸಮ. ದ್ರವದ ಕೊನೆಯ ಹನಿ ಇರುವವರೆಗೆ ಒಳಗಿನ ಒತ್ತಡವನ್ನು ನಿರ್ಧರಿಸುವುದು ಅದರ ಉಷ್ಣತೆಯೇ ಹೊರತು ಪ್ರಮಾಣವಲ್ಲ. ಅದಕ್ಕಾಗಿಯೇ ಸಿಲಿಂಡರನ್ನು ತೂಗುತ್ತಾರೆ. ಎ.ಸಿ.ಯೂ ಹಾಗೆ. ನಿಂತಿರುವ ಯಂತ್ರಕ್ಕೆ ಗೇಜು ಸಿಕ್ಕಿಸಿದರೆ ಸಿಗುವುದು ಆ ದಿನದ ಸೆಕೆಯ ಅಳತೆ. ಓಡುತ್ತಿರುವಾಗಿನ ಒತ್ತಡವೂ ಹೊರಗಿನ ಬಿಸಿಲು, ಕೋಣೆಯ ಶಾಖ, ಗಾಳಿಯ ಹರಿವಿಗೆ ತಕ್ಕಂತೆ ಬದಲಾಗುತ್ತದೆ. ಮುಳ್ಳನ್ನು ನೋಡಿ ‘ಸಾಕು’ ಎಂದು ನಿಲ್ಲಿಸುವುದು ಅಂದಾಜು. ಯಂತ್ರದ ಬದಿಯ ಫಲಕದಲ್ಲಿ ಗ್ರಾಮುಗಳಲ್ಲಿ ಬರೆದಿರುವ ತೂಕವನ್ನು ತಕ್ಕಡಿಯ ಮೇಲೆ ಅಳೆದು ತುಂಬುವುದು ಲೆಕ್ಕ.

ತೂತನ್ನು ಹುಡುಕುವ ಬಗೆ

ಸೋರಿಕೆಯನ್ನು ಹುಡುಕುವ ಮೊದಲ ಉಪಕರಣ ಕಣ್ಣು. ಶೀತಕದ ಜೊತೆ ಕಂಪ್ರೆಸರಿನ ಎಣ್ಣೆಯೂ ಸ್ವಲ್ಪ ಸುತ್ತುತ್ತಿರುತ್ತದೆ. ಗ್ಯಾಸ್ ಹಾರಿಹೋದರೂ ಎಣ್ಣೆ ಹಾರುವುದಿಲ್ಲ. ಸಂದಿನ ಬಳಿ ಅಂಟಾಗಿ ನಿಂತು ಧೂಳು ಹಿಡಿಯುತ್ತದೆ. ಒಣಗಿರಬೇಕಾದ ಕೊಳವೆಯ ಮೇಲೆ ಕಪ್ಪು ಜಿಡ್ಡಿನ ಕಲೆ ಕಂಡರೆ ಅರ್ಧ ಕೆಲಸ ಆದಂತೆ. ಫ್ಲೇರ್ ನಟ್ಟಿನ ಮೇಲಿನ ಕಪ್ಪು ಸ್ಪಂಜಿನ ಹೊದಿಕೆಯನ್ನು ಸರಿಸಿ ನೋಡದೆ ‘ಲೀಕ್ ಇಲ್ಲ’ ಎನ್ನುವವರ ಮಾತನ್ನು ನಂಬಬೇಕಾಗಿಲ್ಲ.

ಎರಡನೆಯದು ಸಾಬೂನಿನ ನೊರೆ. ಕೇಳಲು ಬಲು ಹಳೆಯ ಉಪಾಯ. ಆದರೆ ಇಂದಿಗೂ ಅದಕ್ಕೆ ಸರಿಸಾಟಿ ಕಡಿಮೆ. ದಪ್ಪ ಸಾಬೂನು ನೀರನ್ನು ಕುಂಚದಿಂದ ಸಂದಿನ ಸುತ್ತ ಹಚ್ಚಿ ಕಾಯಬೇಕು. ದೊಡ್ಡ ಸೋರಿಕೆ ಕೂಡಲೇ ಗುಳ್ಳೆ ಎಬ್ಬಿಸುತ್ತದೆ. ಸಣ್ಣದು ನಿಮಿಷಗಟ್ಟಲೆ ಕಾಯಿಸಿ ಬಿಳಿ ನೊರೆಯ ಒಂದು ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ. ಕನ್ನಡಿಯ ಚೂರೊಂದನ್ನು ಹಿಡಿದು ನಟ್ಟಿನ ಹಿಂಬದಿಯನ್ನೂ ನೋಡಬೇಕು. ಕಾಯುವ ತಾಳ್ಮೆಯೇ ಇಲ್ಲಿ ಮುಖ್ಯ. ಈ ಪರೀಕ್ಷೆಯನ್ನು ಯಂತ್ರ ನಿಲ್ಲಿಸಿ ಮಾಡಬೇಕು. ಓಡುತ್ತಿರುವಾಗ ಒಳಗಿನ ಸುರುಳಿಯ ಬದಿಯ ಒತ್ತಡ ಇಳಿದಿರುವುದರಿಂದ ಗುಳ್ಳೆ ಏಳದೆಯೂ ಹೋದೀತು.

ಗ್ಯಾಸ್ ಪೂರ್ತಿ ಹೊರಟುಹೋಗಿದ್ದರೆ ನೊರೆ ಹಚ್ಚಿ ಪ್ರಯೋಜನವಿಲ್ಲ. ಆಗ ಬೇಕಾಗುವುದು ಒಣ ಸಾರಜನಕ, ಅಂದರೆ ನೈಟ್ರೋಜನ್ ಸಿಲಿಂಡರು ಮತ್ತು ಅದಕ್ಕೊಂದು ರೆಗ್ಯುಲೇಟರು. ಯಂತ್ರದ ಫಲಕದಲ್ಲಿ ಬರೆದ ಗರಿಷ್ಠ ಒತ್ತಡ ಮೀರದಂತೆ ಸಾರಜನಕವನ್ನು ತುಂಬಿ, ಬಾಯಿ ಮುಚ್ಚಿ, ಮುಳ್ಳು ಎಲ್ಲಿ ನಿಂತಿದೆಯೆಂದು ಗುರುತು ಹಾಕಿ ಬಿಡುತ್ತಾರೆ. ಸಾಧ್ಯವಾದರೆ ಇಡೀ ರಾತ್ರಿ. ಬೆಳಗ್ಗೆ ಮುಳ್ಳು ಸ್ವಲ್ಪ ಇಳಿದಿದ್ದರೆ ಕೂಡಲೇ ಗಾಬರಿಯಾಗಬೇಕಿಲ್ಲ. ಮಧ್ಯಾಹ್ನ 30 ಡಿಗ್ರಿಯಲ್ಲಿ 400 ಪೌಂಡಿನ ಗುರುತಿಗೆ ತುಂಬಿದ ಸಾರಜನಕ ಬೆಳಗಿನ ಜಾವದ 25 ಡಿಗ್ರಿಯಲ್ಲಿ ತಾನಾಗಿಯೇ 393ರ ಆಸುಪಾಸಿಗೆ ಕುಗ್ಗುತ್ತದೆ. ಅದು ಸೋರಿಕೆಯಲ್ಲ, ಅನಿಲದ ಸ್ವಭಾವ. 380ಕ್ಕೆ ಇಳಿದಿದ್ದರೆ ಮಾತ್ರ ತೂತು ಇದೆ ಎಂದು ಖಚಿತ. ಆಗ ಒಳಗಿನ ಭಾಗ, ಹೊರಗಿನ ಭಾಗ, ನಡುವಿನ ಕೊಳವೆ ಇವುಗಳನ್ನು ಬೇರ್ಪಡಿಸಿ ಒಂದೊಂದಕ್ಕೇ ಒತ್ತಡ ಕೊಟ್ಟು ನೋಡಬೇಕಾಗುತ್ತದೆ. ತೆಗೆಯಬಹುದಾದ ಸುರುಳಿಯನ್ನು ಬಿಚ್ಚಿ, ಒತ್ತಡ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸುವುದು, ಅಂದರೆ ಪಂಚರ್ ಅಂಗಡಿಯವರು ಟ್ಯೂಬನ್ನು ಮುಳುಗಿಸುವ ಹಾಗೆಯೇ, ಅತ್ಯಂತ ನಂಬಲರ್ಹವಾದ ಕ್ರಮ.

ಈ ಕೆಲಸಕ್ಕೆ ಸಾರಜನಕದ ಬದಲು ಆಮ್ಲಜನಕದ ಸಿಲಿಂಡರು ಬಳಸುವುದು ಆತ್ಮಹತ್ಯೆಗೆ ಸಮಾನ. ಬೆಸುಗೆಯವರ ಬಳಿ ಅದು ಕೈಗೆಟಕುವಂತಿರುತ್ತದೆ ಎಂಬ ಒಂದೇ ಕಾರಣಕ್ಕೆ ಬಳಸಿದವರಿದ್ದಾರೆ. ಒತ್ತಡದ ಆಮ್ಲಜನಕ ಕಂಪ್ರೆಸರಿನ ಎಣ್ಣೆಯನ್ನು ಮುಟ್ಟಿದರೆ ಕಿಡಿಯಿಲ್ಲದೆಯೂ ಸ್ಫೋಟವಾಗಬಲ್ಲದು. ಗಾಳಿ ತುಂಬುವ ಪಂಪಿನ ಗಾಳಿಯೂ ಕೂಡದು. ಅದರಲ್ಲಿ ತೇವವೂ ಇದೆ, ಆಮ್ಲಜನಕವೂ ಇದೆ.

ಎಲೆಕ್ಟ್ರಾನಿಕ್ ಮೂಸುಯಂತ್ರಗಳೂ ಬಂದಿವೆ. ವರ್ಷಕ್ಕೆ ಮೂರು ನಾಲ್ಕು ಗ್ರಾಮಿನಷ್ಟು ನಿಧಾನದ ಸೋರಿಕೆಯನ್ನೂ ಅವು ಹಿಡಿಯಬಲ್ಲವು. ಬಳಸುವವರು ನೆನಪಿಡಬೇಕಾದ ಒಂದು ಮಾತಿದೆ: ಈ ಶೀತಕಗಳೆಲ್ಲ ಗಾಳಿಗಿಂತ ಭಾರ. ಸಂದಿನ ಮೇಲೆ ಮೂಸಿದರೆ ಸಿಗದದ್ದು ಕೆಳಗೆ ಮೂಸಿದರೆ ಸಿಗುತ್ತದೆ. ಫ್ಯಾನು ಬೀಸುತ್ತಿರುವಾಗ, ಕಡಲ ಗಾಳಿ ಬೀಸುತ್ತಿರುವಾಗ ಯಂತ್ರದ ಮೂಗಿಗೂ ವಾಸನೆ ತಿಳಿಯದು. ಯಂತ್ರ ಕೂಗಿದ ಜಾಗಕ್ಕೆ ಸಾಬೂನು ಹಚ್ಚಿ ಖಚಿತಪಡಿಸಿಕೊಳ್ಳುವುದು ಒಳ್ಳೆಯ ಕೆಲಸಗಾರರ ರೂಢಿ.

ಮುಚ್ಚುವುದು, ಒಣಗಿಸುವುದು, ತುಂಬುವುದು

ತೂತು ಸಿಕ್ಕಿದ ಮೇಲಿನ ಕೆಲಸ ತೂತು ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಫ್ಲೇರ್ ಸಂದಾದರೆ ನಟ್ಟನ್ನು ಇನ್ನಷ್ಟು ಬಿಗಿಯುವುದೇ ಮೊದಲ ಯೋಚನೆಯಾಗಿ ಹೊಳೆಯುತ್ತದೆ. ಹಲವು ಬಾರಿ ಅದೇ ಹಾನಿಕರ. ಮಿತಿ ಮೀರಿ ಬಿಗಿದರೆ ತಾಮ್ರದ ತುಟಿ ತೆಳುವಾಗಿ ಬಿರುಕು ಬಿಡುತ್ತದೆ. ಕಾಲಿಂಚಿನ ಕೊಳವೆಯ ನಟ್ಟಿಗೆ ಬೇಕಾದ ತಿರುಚುಬಲ 14ರಿಂದ 18 ನ್ಯೂಟನ್ ಮೀಟರ್, ಅರ್ಧ ಇಂಚಿನದಕ್ಕೆ 50ರ ಮೇಲೆ. ಈ ವ್ಯತ್ಯಾಸವನ್ನು ತೋಳಿನ ಅಂದಾಜಿನಿಂದ ತಿಳಿಯುವುದು ಕಷ್ಟ, ಟಾರ್ಕ್ ಸ್ಪ್ಯಾನರ್ ಬೇಕು. ಕೆಟ್ಟ ಫ್ಲೇರನ್ನು ಕತ್ತರಿಸಿ ಹೊಸದು ಮಾಡುವುದೇ ಸರಿ: ಕೊಳವೆಯ ಬಾಯಿಯನ್ನು ಕೆಳಮುಖವಾಗಿ ಹಿಡಿದು ಒಳಗಿನ ಅಂಚಿನ ಚೂಪನ್ನು ತೆಗೆದು, ಲೋಹದ ಪುಡಿ ಒಳಗೆ ಬೀಳದಂತೆ ನೋಡಿಕೊಂಡು, ನಟ್ಟನ್ನು ಮೊದಲೇ ಪೋಣಿಸಿಕೊಂಡು ಅಗಲಿಸುವುದು. ನಟ್ಟು ಪೋಣಿಸಲು ಮರೆತು ಅಗಲಿಸಿದ ಮೇಲೆ ಹಣೆ ಚಚ್ಚಿಕೊಳ್ಳದ ಕೆಲಸಗಾರ ಬಹುಶಃ ಯಾವ ಊರಿನಲ್ಲೂ ಇಲ್ಲ.

ಕೊಳವೆಯಲ್ಲೇ ತೂತಿದ್ದರೆ ಬೆಸುಗೆ ಹಾಕಬೇಕು. ಅದಕ್ಕೆ ಮೊದಲು ಒಳಗೆ ಉಳಿದ ಗ್ಯಾಸನ್ನು ಸಂಗ್ರಹ ಯಂತ್ರದಿಂದ ಬೇರೆ ಸಿಲಿಂಡರಿಗೆ ಎಳೆದುಕೊಳ್ಳಬೇಕು. ಬೆಸೆಯುವಾಗ ಕೊಳವೆಯೊಳಗೆ ಸಾರಜನಕ ಮೆಲ್ಲನೆ ಹರಿಯುತ್ತಿರಬೇಕು. ಇಲ್ಲದಿದ್ದರೆ ಒಳಮೈಯಲ್ಲಿ ಕರಿ ಪೊರೆಯೆದ್ದು, ಉದುರಿ, ಮುಂದೊಂದು ದಿನ ಆ ಕಿರಿದಾದ ದಾರಿಯನ್ನೇ ಕಟ್ಟಿಬಿಡುತ್ತದೆ. ಅಂಟು, ಪುಟ್ಟಿ, ತವರದ ಬೆಸುಗೆ ಇವು ಈ ಒತ್ತಡಕ್ಕೆ ನಿಲ್ಲುವಂಥವಲ್ಲ. ಆರ್-32 ಶೀತಕ 30 ಡಿಗ್ರಿ ಸೆಕೆಯಲ್ಲಿ ಸುಮ್ಮನೆ ನಿಂತಿರುವಾಗಲೇ ವಾತಾವರಣದ ಸುಮಾರು 18 ಪಟ್ಟು ಒತ್ತಡದಲ್ಲಿ ಕೊಳವೆಯನ್ನು ಒಳಗಿನಿಂದ ದೂಡುತ್ತಿರುತ್ತದೆ. ಹುತ್ತ ಹಿಡಿದ ಸುರುಳಿಗಂತೂ ತೇಪೆ ವ್ಯರ್ಥ: ಒಂದು ತೂತು ಮುಚ್ಚಿದರೆ ಪಕ್ಕದ ಸುರಂಗ ಮುಂದಿನ ತಿಂಗಳು ಬಾಯಿ ತೆರೆಯುತ್ತದೆ. ಸುರುಳಿಯನ್ನೇ ಬದಲಿಸಬೇಕು.

ಅನೇಕ ಮನೆಗಳಲ್ಲಿ ತಪ್ಪಿಹೋಗುವ ಹಂತ ಇದರ ಮುಂದಿನದು. ತೆರೆದ ಕೊಳವೆಯೊಳಗೆ ಹೊಕ್ಕ ಗಾಳಿಯನ್ನೂ ತೇವವನ್ನೂ ವ್ಯಾಕ್ಯೂಮ್ ಪಂಪಿನಿಂದ ಎಳೆದು ಹಾಕಬೇಕು. ನಮ್ಮ ಸುತ್ತಲಿನ ಗಾಳಿಯ ಒತ್ತಡ 7,60,000 ಮೈಕ್ರಾನ್. ಪಂಪು ಅದನ್ನು 500 ಮೈಕ್ರಾನಿಗಿಂತ ಕೆಳಗಿಳಿಸಬೇಕು. ಅಷ್ಟು ಕಡಿಮೆ ಒತ್ತಡದಲ್ಲಿ ನೀರು ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲೂ ಆವಿಯಾಗಿ ಹೊರಟುಹೋಗುತ್ತದೆ. ತೇವ ಉಳಿದರೆ, ಹೊಸ ಶೀತಕಗಳ ಜೊತೆ ಬಳಸುವ ಎಣ್ಣೆ ಅದನ್ನು ಹೀರಿ ಆಮ್ಲವಾಗುತ್ತದೆ. ಕಂಪ್ರೆಸರಿನ ಸುರುಳಿ ತಂತಿಗಳು ಒಳಗಿನಿಂದ ಸುಡುತ್ತವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ನಮ್ಮ ಕರಾವಳಿಯಲ್ಲಿ ಈ ಹಂತವನ್ನು ಬಿಡುವುದು ಎಂದರೆ ಯಂತ್ರದೊಳಗೆ ಮಳೆಗಾಲವನ್ನು ಮುಚ್ಚಿಟ್ಟ ಹಾಗೆ. ಪಂಪು ಇಲ್ಲದವರು ಸ್ವಲ್ಪ ಗ್ಯಾಸನ್ನೇ ಬಿಟ್ಟು ಗಾಳಿಯನ್ನು ಹೊರದೂಡುವುದುಂಟು. ಗಾಳಿ ಹೋದೀತು, ಗೋಡೆಗಂಟಿದ ತೇವ ಹೋಗದು.

ಆಮೇಲಷ್ಟೇ ತಕ್ಕಡಿ, ಆಮೇಲಷ್ಟೇ ಗ್ಯಾಸು.

ಜೀವದ ಪ್ರಶ್ನೆ

ಇಷ್ಟೆಲ್ಲ ಕ್ರಮ ಬಲ್ಲವರು ನಮ್ಮ ಜಿಲ್ಲೆಯಲ್ಲಿ ಇಲ್ಲವೆಂದಲ್ಲ. ಐ.ಟಿ.ಐ.ಗಳಲ್ಲಿ ಎರಡು ವರ್ಷ ಈ ವೃತ್ತಿಯನ್ನು ಕಲಿತವರಿದ್ದಾರೆ. ಕೊಲ್ಲಿ ದೇಶಗಳಲ್ಲಿ ವರ್ಷಗಟ್ಟಲೆ ದುಡಿದು ಮರಳಿದವರಿದ್ದಾರೆ. ದೂಷಣೆಯನ್ನು ಅವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಬೇಸಿಗೆಯಲ್ಲಿ ದಿನಕ್ಕೆ ಹತ್ತು ಕರೆ. ಸಾರಜನಕದ ಭಾರದ ಸಿಲಿಂಡರನ್ನು ಸ್ಕೂಟರಿನಲ್ಲಿ ತಂದು ಎರಡನೆಯ ಮಾಳಿಗೆಗೆ ಹೊರಬೇಕು. ಅಷ್ಟು ಹೊತ್ತು ಗೋಡೆಯಂಚಿನಲ್ಲಿ ನೇತಾಡಿ ಸೋರಿಕೆ ಹುಡುಕಿದರೆ ಅದರ ಕೂಲಿ ಕೊಡಲು ಮನೆಯವರು ಸಿದ್ಧರಿರುವುದಿಲ್ಲ. ‘ಗ್ಯಾಸ್ ಹಾಕಿ ಸಾಕು ಅಣ್ಣ, ಮಕ್ಕಳಿಗೆ ನಿದ್ರೆಯಿಲ್ಲ’ ಎಂಬ ಮಾತು ಬರುವುದು ಮನೆಯ ಕಡೆಯಿಂದಲೇ. ಹುಡುಕುವ ಶ್ರಮಕ್ಕೆ ಬೆಲೆಯಿಲ್ಲದೆ ತುಂಬುವ ಗ್ಯಾಸಿಗೆ ಮಾತ್ರ ಬೆಲೆಯಿರುವ ವ್ಯಾಪಾರದಲ್ಲಿ ಹುಡುಕುವವರು ಕಡಿಮೆಯಾಗುವುದು ಸಹಜ.

ಆದರೆ ಈಗ ಶೀತಕಗಳು ಬದಲಾಗಿವೆ, ಹಳೆಯ ರೂಢಿ ಜೀವಕ್ಕೇ ಎರವಾಗುವ ಕಾಲ ಬಂದಿದೆ. ಹಳೆಯ ಆರ್-22 ಉರಿಯುತ್ತಿರಲಿಲ್ಲ. ಬೆಂಕಿಗೆ ತಾಗಿದರೆ ವಿಷಾನಿಲವಾಗುವುದು ಅದರ ಅಪಾಯವಾಗಿತ್ತು. ಈಗಿನ ಹೊಸ ಯಂತ್ರಗಳಲ್ಲಿ ಬಹುಪಾಲು ಇರುವ ಆರ್-32 ಸಾಧಾರಣವಾಗಿ ಉರಿಯಬಲ್ಲದು. ಕೆಲವು ಯಂತ್ರಗಳಲ್ಲಿರುವ ಆರ್-290 ಎಂದರೆ ಶುದ್ಧ ಪ್ರೊಪೇನ್. ಅಡುಗೆ ಗ್ಯಾಸಿನಲ್ಲಿರುವ ಎರಡು ಮುಖ್ಯ ಅನಿಲಗಳಲ್ಲೊಂದು. ಸೋರಿದ ಇಂಥ ಗ್ಯಾಸು ಮುಚ್ಚಿದ ಕೋಣೆಯ ನೆಲದಲ್ಲಿ ಹರಡಿ ನಿಂತಿರುವಾಗ ಬೆಸುಗೆಯ ಜ್ವಾಲೆ ಹಚ್ಚುವುದು, ಹುಡುಕಲು ಬೆಂಕಿಕಡ್ಡಿ ಗೀರುವುದು ಎಂಥದೆಂದು ವಿವರಿಸಬೇಕಿಲ್ಲ. ಅಗ್ಗವೆಂದು ಹಳೆಯ ಯಂತ್ರಕ್ಕೆ ಅಡುಗೆ ಗ್ಯಾಸ್ ತುಂಬುವುದು ಇನ್ನೂ ದೊಡ್ಡ ಅನಾಹುತ. ಅದರ ವಿದ್ಯುತ್ ಭಾಗಗಳು ಉರಿಯುವ ಅನಿಲಕ್ಕೆಂದು ಮಾಡಿದವಲ್ಲ.

ಇನ್ನೊಂದು ಅಪಾಯ ಅಷ್ಟಾಗಿ ಗೊತ್ತಿಲ್ಲ. ಯಂತ್ರವನ್ನು ಬಿಚ್ಚುವ ಮೊದಲು ಗ್ಯಾಸನ್ನೆಲ್ಲ ಹೊರಗಿನ ಪೆಟ್ಟಿಗೆಗೆ ಎಳೆದು ವಾಲ್ವು ಮುಚ್ಚುವ ಕ್ರಮಕ್ಕೆ ಪಂಪ್ ಡೌನ್ ಎನ್ನುತ್ತಾರೆ. ಸೋರುವ ಯಂತ್ರದಲ್ಲಿ ಇದನ್ನು ಮಾಡಹೊರಟರೆ ತೂತಿನಿಂದ ಗಾಳಿ ಒಳನುಗ್ಗುತ್ತದೆ. ಗಾಳಿ ಮತ್ತು ಎಣ್ಣೆಯ ಮಿಶ್ರಣವನ್ನು ಕಂಪ್ರೆಸರ್ ಡೀಸೆಲ್ ಎಂಜಿನ್ನಿನಂತೆ ಒತ್ತಿ ಹೊತ್ತಿಸಿಬಿಡಬಹುದು. ಕಂಪ್ರೆಸರ್ ಸಿಡಿದು ಕೆಲಸಗಾರರು ಸತ್ತ ಘಟನೆಗಳು ಹಲವು ದೇಶಗಳಲ್ಲಿ ನಡೆದಿವೆ.

ಮೇಲೆ ಹೋದದ್ದು ಏನಾಗುತ್ತದೆ?

ಸೋರಿದ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಹೋದದ್ದು ಮನೆಯವರಿಗೆ ತಿಳಿಯುವುದೂ ಇಲ್ಲ. ಜಗತ್ತಿಗೂ ತಿಳಿದಿರಲಿಲ್ಲ. 1974ರಲ್ಲಿ ಮೊಲಿನಾ ಮತ್ತು ರೌಲೆಂಡ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಇಂಥ ಕ್ಲೋರಿನ್ ಬೆರೆತ ಶೀತಕಗಳು ವಾತಾವರಣದ ಮೇಲ್ಪದರಕ್ಕೇರಿ ಓಜೋನನ್ನು ತಿನ್ನುತ್ತವೆ ಎಂದು ತೋರಿಸಿದಾಗ ತಯಾರಕರು ಸುಲಭದಲ್ಲಿ ಒಪ್ಪಲಿಲ್ಲ. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಟಿಕದ ಮೇಲಿನ ಓಜೋನ್ ಕುಸಿತವನ್ನು ಪ್ರಕಟಿಸಿದ ಮೇಲೆ ವಾದಕ್ಕೆ ಎಡೆಯುಳಿಯಲಿಲ್ಲ. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಜಗತ್ತಿನ ಎಲ್ಲ ದೇಶಗಳೂ ಒಪ್ಪಿದ ಅಪರೂಪದ ಒಪ್ಪಂದ ಅದು. ಭಾರತ 1992ರಲ್ಲಿ ಸೇರಿತು. ಆ ಇಬ್ಬರಿಗೂ, ಅವರೊಂದಿಗೆ ಪಾಲ್ ಕ್ರುಟ್ಸನ್ ಅವರಿಗೂ 1995ರಲ್ಲಿ ನೊಬೆಲ್ ಬಂತು.

ಆರ್-22ರಲ್ಲಿಯೂ ಕ್ಲೋರಿನ್ ಇದೆ. ಆದ್ದರಿಂದ ನಮ್ಮಲ್ಲಿ 2030ರ ಹೊತ್ತಿಗೆ ಅದರ ಬಳಕೆ ಬಹುತೇಕ ನಿಲ್ಲಬೇಕಾಗಿದೆ. ಆ ಗ್ಯಾಸಿನ ಹಳೆಯ ಯಂತ್ರವನ್ನು ವರ್ಷವರ್ಷ ತುಂಬಿಸುತ್ತಿರುವವರು ಇದನ್ನು ಗಮನಿಸಬೇಕು. ಹೊಸ ಶೀತಕಗಳು ಓಜೋನನ್ನು ಮುಟ್ಟುವುದಿಲ್ಲ, ಆದರೆ ಭೂಮಿಯ ಶಾಖವನ್ನು ಹಿಡಿದಿಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಆರ್-410ಎ ಎರಡು ಸಾವಿರ ಕಿಲೋಗೂ ಮಿಕ್ಕಿದ ಇಂಗಾಲದ ಡೈ ಆಕ್ಸೈಡಿಗೆ ಸಮ, ಒಂದು ಕಿಲೋ ಆರ್-32 ಸುಮಾರು 675 ಕಿಲೋಗೆ. ಪ್ರೊಪೇನ್ ಐದಕ್ಕಿಂತಲೂ ಕಡಿಮೆ. ಮನೆಯ ಎ.ಸಿ.ಯಿಂದ 800 ಗ್ರಾಂ ಆರ್-32 ಸೋರಿಹೋದರೆ ಅದು 230 ಲೀಟರಿನಷ್ಟು ಪೆಟ್ರೋಲ್ ಸುಟ್ಟದ್ದಕ್ಕೆ ಸಮ. 2016ರಲ್ಲಿ ಆಫ್ರಿಕದ ಕಿಗಾಲಿ ನಗರದಲ್ಲಿ ಈ ಹೊಸ ಗುಂಪಿನ ಶೀತಕಗಳನ್ನೂ ಇಳಿಸುವ ತಿದ್ದುಪಡಿಯಾಯಿತು. ಭಾರತ 2021ರಲ್ಲಿ ಅದನ್ನು ಅಂಗೀಕರಿಸಿ, 2032ರಿಂದ ಹಂತಹಂತವಾಗಿ ಇಳಿಸಲು ಒಪ್ಪಿದೆ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಶೈತ್ಯ ಕ್ರಿಯಾ ಯೋಜನೆಯಲ್ಲಿ ಒಂದು ಲಕ್ಷ ಸೇವಾ ಕೆಲಸಗಾರರಿಗೆ ತರಬೇತಿ ಕೊಡುವ ಗುರಿಯೂ ಇತ್ತು. ಒಪ್ಪಂದ ದಿಲ್ಲಿಯಲ್ಲಿ ಅಂಗೀಕಾರವಾದರೂ ಅದು ಪಾಲನೆಯಾಗುವುದು ಉಪ್ಪಳದ, ಕುಂಬಳೆಯ ಏಣಿಗಳ ಮೇಲೆ.

ಕೇಳಬೇಕಾದ ಪ್ರಶ್ನೆಗಳು

ಗಡಿನಾಡಿನ ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಯಂತ್ರದ ಜೊತೆ ಬರುವ ಪುಸ್ತಿಕೆಯಲ್ಲಿ ಕನ್ನಡ ಕಾಣಸಿಗುವುದು ಅಪರೂಪ. ದೂರು ಸ್ವೀಕರಿಸುವ ಫೋನಿನಲ್ಲಿ ಬರುವ ಭಾಷೆ ಮಲಯಾಳ, ಇಂಗ್ಲಿಷ್ ಅಥವಾ ಹಿಂದಿ. ಆ ಭಾಷೆಗಳಲ್ಲಿ ವಾದಕ್ಕಿಳಿಯಲು ಹಿಂಜರಿಯುವ ಹಿರಿಯರು ಬಿಲ್ಲಿನಲ್ಲಿ ಬರೆದುದಕ್ಕೆ ಸುಮ್ಮನೆ ಹಣ ಕೊಟ್ಟು ಕಳಿಸುತ್ತಾರೆ. ಅದೃಷ್ಟವಶಾತ್ ಕೇಳಬೇಕಾದ ಮುಖ್ಯ ಪ್ರಶ್ನೆ ಎರಡೇ ಪದಗಳದು: ‘ಲೀಕ್ ಎಲ್ಲಿ?’ ತುಳುವಿನಲ್ಲಿ ‘ಓಲು’ ಎನ್ನಲಿ, ಮಲಯಾಳದಲ್ಲಿ ‘ಎವಿಡೆ’ ಎನ್ನಲಿ, ಲೀಕ್ ಎಂಬುದು ಎಲ್ಲರಿಗೂ ಲೀಕೇ. ಉತ್ತರವಾಗಿ ಒಂದು ಜಾಗವನ್ನು ಬೆರಳಿಟ್ಟು ತೋರಿಸಬೇಕು. ತೋರಿಸದೆ ತುಂಬಿಸುವುದಾದರೆ, ‘ಇದು ಎಷ್ಟು ದಿನ ನಿಂತೀತು?’ ಎಂದು ಕೇಳುವ ಹಕ್ಕು ಹಣ ಕೊಡುವವರಿಗಿದೆ.

ಬಿಲ್ಲಿನಲ್ಲಿ ಬರಿದೆ ‘ಗ್ಯಾಸ್ ಚಾರ್ಜಿಂಗ್’ ಎಂದಿದ್ದರೆ ಸಾಲದು. ಯಾವ ಗ್ಯಾಸ್, ಎಷ್ಟು ಗ್ರಾಂ, ಸೋರಿಕೆ ಎಲ್ಲಿತ್ತು, ಹೇಗೆ ಸರಿಪಡಿಸಲಾಯಿತು ಎಂಬುದನ್ನು ಬರೆಸಿಕೊಳ್ಳಬೇಕು. ಆ ಚೀಟಿಯನ್ನು ಮುಂದಿನ ವರ್ಷದವರೆಗೆ ಇಟ್ಟುಕೊಂಡರೆ ಅದೇ ಜಾಗ ಮತ್ತೆ ಸೋರಿದಾಗ ಮಾತನಾಡಲು ಆಧಾರವಿರುತ್ತದೆ. ಹೊಸ ಯಂತ್ರ ಕೊಳ್ಳುವಾಗ ಕಂಪ್ರೆಸರಿಗೆ ಇಷ್ಟು ವರ್ಷದ ಖಾತರಿ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಸುರುಳಿಗೆ ಎಷ್ಟು ವರ್ಷ, ಗ್ಯಾಸಿಗೆ ಎಷ್ಟು ಎಂಬುದನ್ನು ಸಣ್ಣ ಅಕ್ಷರದಲ್ಲಿ ಹುಡುಕಿ ಓದಬೇಕು. ಜೋಡಿಸುವ ದಿನ ವ್ಯಾಕ್ಯೂಮ್ ಪಂಪು ತಂದಿದ್ದಾರೆಯೇ ಎಂದು ನೋಡುವುದು, ಸಂದುಗಳಿಗೆ ಸಾಬೂನು ಹಚ್ಚಿಸಿ ಕಣ್ಣೆದುರೇ ಪರೀಕ್ಷಿಸಿಕೊಳ್ಳುವುದು ಹತ್ತು ಬೇಸಿಗೆಯ ಖರ್ಚನ್ನು ಉಳಿಸೀತು. ಕಡಲಿಗೆ ಹತ್ತಿರದವರು ಹೊರಗಿನ ಪೆಟ್ಟಿಗೆಯನ್ನು ಗಾಳಿ ನೇರ ಬಡಿಯದ ಬದಿಗೆ ಕೂರಿಸಿ, ಮಳೆಯಿಲ್ಲದ ತಿಂಗಳುಗಳಲ್ಲಿ ಸ್ವಿಚ್ಚು ಆರಿಸಿ ಸಿಹಿನೀರಿನಿಂದ ಮೆಲ್ಲನೆ ತೊಳೆಯುತ್ತಿದ್ದರೆ ಉಪ್ಪು ಕೂರುವುದಿಲ್ಲ.

ಗ್ಯಾಸ್ ಕಡಿಮೆಯಿರುವ ಎ.ಸಿ. ಕೋಣೆಯನ್ನು ತಂಪಾಗಿಸಲಾರದೆ ನಿಲ್ಲದೆ ಓಡುತ್ತದೆ. ಮರಳಿ ಬರುವ ತಣ್ಣನೆಯ ಆವಿಯೇ ಕಂಪ್ರೆಸರನ್ನು ತಣಿಸಬೇಕಾದದ್ದರಿಂದ, ಆವಿ ಕಡಿಮೆಯಾದಾಗ ಅದು ಕಾದು ಬೇಗ ಸಾಯುತ್ತದೆ. ಎರಡು ತಿಂಗಳಿಗೊಮ್ಮೆ ಬರುವ ವಿದ್ಯುತ್ ಬಿಲ್ಲು ಬಳಕೆ ಬದಲಾಗದೆಯೂ ಏರಿದ್ದರೆ ಫಿಲ್ಟರಿನ ನಂತರ ಸಂಶಯಿಸಬೇಕಾದದ್ದು ಸೋರಿಕೆಯನ್ನೇ.

ಹಳೆಯ ಯಂತ್ರ ಗುಜರಿಗೆ ಹೋಗುವಾಗಲೂ ಒಂದು ಕೆಲಸ ಬಾಕಿಯಿರುತ್ತದೆ. ಗುಜರಿಯವರಿಗೆ ಬೇಕಾದದ್ದು ತಾಮ್ರ. ಕೊಳವೆಯನ್ನು ಕತ್ತರಿಸಿದ ಒಂದೇ ಏಟಿಗೆ ಒಳಗಿದ್ದದ್ದೆಲ್ಲ ಹೊರಗೆ. ಸೋರಿಕೆಯಿಲ್ಲದ ಯಂತ್ರವಾದರೆ ಪಂಪ್ ಡೌನ್ ಮಾಡಿ, ಸೋರುತ್ತಿದ್ದದ್ದಾದರೆ ಸಂಗ್ರಹ ಯಂತ್ರದಿಂದ ಎಳೆದು, ಗ್ಯಾಸನ್ನು ಸಿಲಿಂಡರಿಗೆ ತುಂಬಿಸಿಕೊಳ್ಳುವ ಮೆಕ್ಯಾನಿಕ್ ಒಬ್ಬರನ್ನು ಗುಜರಿಯ ರಿಕ್ಷಾ ಬರುವ ಹಿಂದಿನ ದಿನವೇ ಕರೆಸಬೇಕು.